ಬಿತ್ತುವ ಮೊದಲೇ ಲೆಕ್ಕ: ಗರ್ಟ್ರೂಡ್ ಕಾಕ್ಸ್ ಕಲಿಸಿದ ಪಾಠ

ಹೊಸ ಗೊಬ್ಬರ ಹಾಕಿದ ತಾಕಿನಲ್ಲಿ ಎರಡು ಚೀಲ ಹೆಚ್ಚು ಬೆಳೆ ಬಂತು ಎನ್ನಿ. ಅದು ಗೊಬ್ಬರದ ಗುಣವೇ? ಆ ತಾಕಿನ ಮಣ್ಣೇ ಒಳ್ಳೆಯದಿತ್ತೋ, ಅಲ್ಲಿ ನೀರು ಹೆಚ್ಚು ನಿಂತಿತ್ತೋ, ಹೋದ ವರ್ಷ ಅಲ್ಲಿ ಬೇಳೆಕಾಳು ಬೆಳೆದಿದ್ದರೋ? ಕೊಯ್ಲು ಮುಗಿದ ಮೇಲೆ ಈ ಪ್ರಶ್ನೆ ಎತ್ತಿದರೆ ಎಂಥ ಗಣಿತಜ್ಞನೂ ಕೈಚೆಲ್ಲಬೇಕಾಗುತ್ತದೆ. ಯಾವ ತಾಕಿಗೆ ಏನು, ಎಷ್ಟು ಸಲ, ಯಾವ ಕ್ರಮದಲ್ಲಿ ಎಂಬುದನ್ನು ಬಿತ್ತನೆಗೆ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಈ ವಿದ್ಯೆಗೆ ಪ್ರಯೋಗ ವಿನ್ಯಾಸ ಎಂದು ಹೆಸರು. ಇದಕ್ಕೆ ಗಣಿತದ ತಳಪಾಯ ಹಾಕಿದವರು ಇಂಗ್ಲೆಂಡಿನ ರೊನಾಲ್ಡ್ ಫಿಶರ್. ಅದನ್ನು ಪ್ರಯೋಗ ಮಾಡುವವರ ಕೈಗೆ ದಾಟಿಸಿದವರಲ್ಲಿ ಅಮೆರಿಕದ ಗರ್ಟ್ರೂಡ್ ಮೇರಿ ಕಾಕ್ಸ್ ಮೊದಲ ಸಾಲಿನವರು.

ಅವರ ಹೆಸರಿನಲ್ಲಿ ಪ್ರಸಿದ್ಧ ಪ್ರಮೇಯವಿಲ್ಲ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಓದುವ ‘ಕಾಕ್ಸ್ ಮಾದರಿ’ ಕೂಡ ಬ್ರಿಟಿಷ್ ವಿಜ್ಞಾನಿ ಡೇವಿಡ್ ಕಾಕ್ಸ್ ಅವರದು. ಹಾಗಿದ್ದರೂ ಅಮೆರಿಕನ್ ಸಂಖ್ಯಾಶಾಸ್ತ್ರ ಸಂಘದ ಅಧ್ಯಕ್ಷ ಪೀಠದವರೆಗೂ, ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವದವರೆಗೂ ಗರ್ಟ್ರೂಡ್ ಹೋದರು. ಹೊಸ ಗಣಿತ ಹುಟ್ಟಿಸುವುದು ಎಷ್ಟು ದೊಡ್ಡದೋ, ಇದ್ದ ಗಣಿತವನ್ನು ಬಳಕೆಗೆ ತರುವುದೂ ಅಷ್ಟೇ ದೊಡ್ಡ ವಿಜ್ಞಾನ ಎಂಬುದಕ್ಕೆ ಅವರ ಬದುಕೇ ಪುರಾವೆ.

ಅನಾಥಾಲಯದಿಂದ ಅಂಕಿಗಳೆಡೆಗೆ

ಗರ್ಟ್ರೂಡ್ ಹುಟ್ಟಿದ್ದು 1900ರ ಜನವರಿ 13ರಂದು, ಅಯೋವಾ ರಾಜ್ಯದ ಡೇಟನ್ ಎಂಬ ಊರಿನ ಬಳಿ. ಮುಸುಕಿನ ಜೋಳದ ಸೀಮೆ ಅದು. ಮನೆಯಲ್ಲಿ ದೈವಭಕ್ತಿ ಗಾಢವಾಗಿತ್ತು. ಹೈಸ್ಕೂಲು ಮುಗಿಸಿದ ಹುಡುಗಿ ಆರಿಸಿಕೊಂಡದ್ದು ಮೆಥಡಿಸ್ಟ್ ಚರ್ಚಿನ ಸೇವಾದೀಕ್ಷೆಯ ಹಾದಿ. ಅದರ ಭಾಗವಾಗಿ ಮೊಂಟಾನಾದ ಅನಾಥಾಲಯವೊಂದರಲ್ಲಿ ಹುಡುಗರನ್ನು ನೋಡಿಕೊಳ್ಳುವ ಕೆಲಸಕ್ಕೆ ನಿಂತರು. ಅಂಥ ಸಂಸ್ಥೆಯ ಮೇಲ್ವಿಚಾರಕಿಯಾಗಬೇಕಾದರೆ ಪದವಿ ಬೇಕಿತ್ತು. ಹಾಗಾಗಿ 1925ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಏಮ್ಸ್ ಪಟ್ಟಣದ ಅಯೋವಾ ಸ್ಟೇಟ್ ಕಾಲೇಜು ಸೇರಿದರು. ಸುಲಭವಾಗಿ ಒಲಿಯುತ್ತಿದ್ದ ಗಣಿತವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡರು.

ಫೀಸಿನ ಖರ್ಚು ತೂಗಿಸಲು ಪ್ರೊಫೆಸರ್ ಜಾರ್ಜ್ ಸ್ನೆಡೆಕರ್ ಅವರ ಗಣನಾ ಕೊಠಡಿಯಲ್ಲಿ ಕೆಲಸ ಹಿಡಿದರು. ಕೃಷಿ ಪ್ರಯೋಗಗಳ ಅಂಕಿಗಳನ್ನು ಯಂತ್ರಗಳ ನೆರವಿನಿಂದ ಕೂಡಿ, ಗುಣಿಸಿ, ವರ್ಗ ಮಾಡಿಕೊಡುವ ಕೆಲಸ. ಅಲ್ಲಿಗೆ ಅನಾಥಾಲಯದ ಯೋಜನೆ ಹಿಂದೆ ಸರಿಯಿತು. 1929ರಲ್ಲಿ ಪದವಿ, 1931ರಲ್ಲಿ ಸ್ನಾತಕೋತ್ತರ ಪದವಿ. ಸಂಖ್ಯಾಶಾಸ್ತ್ರದಲ್ಲಿ ಅಯೋವಾ ಸ್ಟೇಟ್ ಕೊಟ್ಟ ಮೊದಲ ಸ್ನಾತಕೋತ್ತರ ಪದವಿ ಅವರದೇ. ಡಾಕ್ಟರೇಟ್‌ಗೆಂದು ಬರ್ಕ್ಲಿಗೆ ಹೋದರೂ ಅದನ್ನು ಮುಗಿಸಲಿಲ್ಲ. 1933ರಲ್ಲಿ ಸ್ನೆಡೆಕರ್ ಏಮ್ಸ್‌ನಲ್ಲಿ ಸ್ಟ್ಯಾಟಿಸ್ಟಿಕಲ್ ಲ್ಯಾಬೊರೇಟರಿ ಆರಂಭಿಸಿ ಕರೆದಾಗ ಮರಳಿ ಬಂದರು. ಫಿಶರ್ 1931 ಮತ್ತು 1936ರ ಬೇಸಿಗೆಗಳಲ್ಲಿ ಅದೇ ಏಮ್ಸ್‌ಗೆ ಬಂದು ಪಾಠ ಹೇಳಿದ್ದರು.

ಚೀಟಿ ಎತ್ತುವುದೇಕೆ?

ಫಿಶರ್ ಹೇಳಿದ್ದು ಮುಖ್ಯವಾಗಿ ಮೂರು ಮಾತು. ಒಂದನೆಯದು ಪುನರಾವರ್ತನೆ: ಒಂದು ತಳಿಯನ್ನು ಒಂದೇ ತಾಕಿನಲ್ಲಿ ಬೆಳೆದರೆ ತಳಿಯ ಗುಣ ಯಾವುದು, ತಾಕಿನ ಗುಣ ಯಾವುದು ಎಂದು ಬೇರ್ಪಡಿಸಲಾಗದು. ಹಲವು ತಾಕುಗಳಲ್ಲಿ ಬೆಳೆಯಬೇಕು. ಎರಡನೆಯದು ಯಾದೃಚ್ಛಿಕ ಹಂಚಿಕೆ: ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿಯೇ ತೀರ್ಮಾನಿಸಬೇಕು. ಇಲ್ಲದಿದ್ದರೆ ತನಗೆ ಪ್ರಿಯವಾದ ತಳಿಯನ್ನು ವಿಜ್ಞಾನಿ ತನಗೇ ಅರಿವಿಲ್ಲದೆ ಒಳ್ಳೆಯ ಮಣ್ಣಿಗೆ ಹಾಕಿಬಿಡಬಹುದು. ಮೂರನೆಯದು ಸ್ಥಳೀಯ ನಿಯಂತ್ರಣ: ಮಣ್ಣು ಸುಮಾರು ಒಂದೇ ಬಗೆಯಾಗಿರುವ ಅಕ್ಕಪಕ್ಕದ ತಾಕುಗಳನ್ನು ಒಂದು ‘ಬ್ಲಾಕ್’ ಮಾಡಿ, ಹೋಲಿಕೆಯನ್ನು ಆ ಬ್ಲಾಕಿನೊಳಗೇ ನಡೆಸಬೇಕು.

ತಳಿ ನಾಲ್ಕೈದು ಇದ್ದರೆ ಇದು ಸಲೀಸು. ಆದರೆ ಅಯೋವಾದ ಜೋಳ ತಳಿಗಾರರ ಕೈಯಲ್ಲಿ ಹತ್ತಾರು ಹೈಬ್ರಿಡ್‌ಗಳಿದ್ದವು. ಅವೆಲ್ಲ ಒಂದೇ ಬ್ಲಾಕಿನಲ್ಲಿ ಕೂರಬೇಕೆಂದರೆ ಬ್ಲಾಕ್ ದೊಡ್ಡದಾಗುತ್ತದೆ. ದೊಡ್ಡ ಬ್ಲಾಕಿನ ಈ ತುದಿಯ ಮಣ್ಣಿಗೂ ಆ ತುದಿಯ ಮಣ್ಣಿಗೂ ತಾಳೆಯಾಗುವುದಿಲ್ಲ. ಇಲ್ಲಿ ನೆರವಿಗೆ ಬಂದದ್ದು ‘ಲ್ಯಾಟಿಸ್’ ವಿನ್ಯಾಸ.

ಒಂಬತ್ತು ತಳಿಗಳಿವೆ, ಒಂದು ಬ್ಲಾಕಿನಲ್ಲಿ ಮೂರಕ್ಕಷ್ಟೇ ಜಾಗ ಎಂದುಕೊಳ್ಳಿ. 1ರಿಂದ 9ರವರೆಗಿನ ಅಂಕಿಗಳನ್ನು ಮೂರು ಸಾಲಾಗಿ ಬರೆಯಿರಿ. ಮೊದಲ ಸಲ ಅಡ್ಡಸಾಲುಗಳೇ ಬ್ಲಾಕುಗಳು: 1-2-3, 4-5-6, 7-8-9. ಎರಡನೇ ಸಲ ಉದ್ದಸಾಲುಗಳು: 1-4-7, 2-5-8, 3-6-9. ಮೂರನೇ ಸಲ ಒಂದು ಕಡೆಯ ಓರೆಸಾಲುಗಳು: 1-5-9, 2-6-7, 3-4-8. ನಾಲ್ಕನೇ ಸಲ ಇನ್ನೊಂದು ಕಡೆಯವು: 1-6-8, 2-4-9, 3-5-7. ಈಗ ಯಾವುದೇ ಎರಡು ತಳಿಗಳನ್ನು ಹುಡುಕಿ ನೋಡಿ, ಅವು ಒಂದೇ ಬ್ಲಾಕಿನಲ್ಲಿ ಸರಿಯಾಗಿ ಒಂದು ಸಲ ಎದುರಾಗಿರುತ್ತವೆ. ಒಂಬತ್ತರಲ್ಲಿ ಒಟ್ಟು 36 ಜೋಡಿ; ಹನ್ನೆರಡು ಬ್ಲಾಕುಗಳಲ್ಲಿ ತಲಾ ಮೂರು ಜೋಡಿ, ಅಲ್ಲಿಗೆ 36. ಬ್ಲಾಕು ಚಿಕ್ಕದು, ಆದರೂ ಪ್ರತಿ ತಳಿಗೂ ಪ್ರತಿ ತಳಿಯೊಂದಿಗೆ ನ್ಯಾಯವಾದ ಸ್ಪರ್ಧೆ.

ಇಂಥ ವಿನ್ಯಾಸಗಳನ್ನು ಜೋಳದ ತಳಿ ಪರೀಕ್ಷೆಗೆ ಬಳಸುವುದು ಹೇಗೆ, ಬಂದ ಅಂಕಿಗಳನ್ನು ವಿಶ್ಲೇಷಿಸುವುದು ಹೇಗೆ ಎಂಬ ಬುಲೆಟಿನ್ ಒಂದನ್ನು ಕಾಕ್ಸ್ ಇಬ್ಬರು ಸಹೋದ್ಯೋಗಿಗಳ ಜೊತೆ 1940ರಲ್ಲಿ ಹೊರತಂದರು. ಅವರಲ್ಲಿ ಒಬ್ಬರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಿಂದ ಬಂದಿದ್ದ ವಿಲಿಯಂ ಕಾಕ್ರನ್. ಇದೇ ಕಾಲಕ್ಕೆ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ರಾಜ್ ಚಂದ್ರ ಬೋಸ್ ಇಂಥ ಸಮತೋಲಿತ ವಿನ್ಯಾಸಗಳನ್ನು ಕಟ್ಟುವ ಗಣಿತ ರೂಪಿಸುತ್ತಿದ್ದರು. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅದೇ ಸಂಸ್ಥೆಯಿಂದ 1940ರ ದಶಕದಲ್ಲಿ ‘ಆರ್ಥೋಗನಲ್ ಅರೇ’ಗಳ ಕಲ್ಪನೆ ಕೊಟ್ಟರು. ಅದು ಮುಂದೆ ಕಾರ್ಖಾನೆಗಳ ಗುಣಮಟ್ಟ ಪರೀಕ್ಷೆಗೂ ಬಂತು.

ಪಟ್ಟಿಯ ಕೆಳಗಿನ ಸಾಲು

1940ರಲ್ಲಿ ರಾಲಿ ನಗರದ ನಾರ್ತ್ ಕ್ಯಾರೊಲೈನಾ ಸ್ಟೇಟ್ ಕಾಲೇಜು ಹೊಸದಾಗಿ ಸಂಖ್ಯಾಶಾಸ್ತ್ರ ವಿಭಾಗ ತೆರೆಯಲು ಹೊರಟಿತು. ಮುಖ್ಯಸ್ಥರ ಹುದ್ದೆಗೆ ಹೆಸರು ಸೂಚಿಸಿ ಎಂದು ಸ್ನೆಡೆಕರ್ ಅವರಿಗೆ ಕೇಳಿಕೆ ಬಂತು. ಅವರು ಪಟ್ಟಿ ಸಿದ್ಧಮಾಡಿ ಕಾಕ್ಸ್ ಅವರಿಗೆ ತೋರಿಸಿದರು. ಪಟ್ಟಿಯಲ್ಲಿದ್ದವರೆಲ್ಲ ಗಂಡಸರು. ನನ್ನ ಹೆಸರೇಕಿಲ್ಲ ಎಂದು ಕಾಕ್ಸ್ ನೇರವಾಗಿ ಕೇಳಿದರು. ಮಹಿಳೆಯನ್ನು ಪರಿಗಣಿಸುವುದಾದರೆ ಕಾಕ್ಸ್ ಅವರನ್ನು ಶಿಫಾರಸು ಮಾಡುತ್ತೇನೆ ಎಂಬ ಅರ್ಥದ ಒಂದು ಸಾಲನ್ನು ಸ್ನೆಡೆಕರ್ ಪತ್ರದ ಕೆಳಗೆ ಸೇರಿಸಿದರು. ಹುದ್ದೆ ಸಿಕ್ಕಿದ್ದು ಕಾಕ್ಸ್ ಅವರಿಗೇ. ಆ ಕಾಲೇಜಿನಲ್ಲಿ ಪೂರ್ಣ ಪ್ರೊಫೆಸರ್ ಆದ, ವಿಭಾಗದ ಮುಖ್ಯಸ್ಥೆಯಾದ ಮೊದಲ ಮಹಿಳೆ ಅವರು. ಡಾಕ್ಟರೇಟ್ ಇರಲಿಲ್ಲ, ಅಯೋವಾ ಸ್ಟೇಟ್ ಗೌರವ ಡಾಕ್ಟರೇಟ್ ಕೊಟ್ಟದ್ದು 1958ರಲ್ಲಿ.

ಅಲ್ಲಿಂದ ಮುಂದೆ ಅವರು ಕಟ್ಟುತ್ತಲೇ ಹೋದರು. 1944ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಸ್ಟ್ಯಾಟಿಸ್ಟಿಕ್ಸ್‌ನ ನಿರ್ದೇಶಕಿಯಾದರು. ರಾಲಿಯಲ್ಲಿ ಅನ್ವಯ, ಪಕ್ಕದ ಚಾಪೆಲ್ ಹಿಲ್‌ನಲ್ಲಿ ಸಿದ್ಧಾಂತ ಎಂಬ ಜೋಡಿ ವ್ಯವಸ್ಥೆ ಅದರಡಿ ಬೆಳೆಯಿತು. ಚಾಪೆಲ್ ಹಿಲ್‌ಗೆ ಸಂಖ್ಯಾಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ ಬಂದರು. ಅವರ ಹಿಂದೆಯೇ ಭಾರತದಿಂದ ಅದೇ ರಾಜ್ ಚಂದ್ರ ಬೋಸ್ ಮತ್ತು ಎಸ್. ಎನ್. ರಾಯ್ ಹೋಗಿ ಸೇರಿದರು. ಕಲ್ಕತ್ತೆಯ ಗಣಿತವೂ ಅಯೋವಾದ ಜೋಳದ ಹೊಲದ ಅನುಭವವೂ ಹೀಗೆ ಒಂದೇ ಸೂರಿನಡಿ ಬಂದವು. 1947ರಲ್ಲಿ ಬಯೋಮೆಟ್ರಿಕ್ ಸೊಸೈಟಿಯ ಸ್ಥಾಪನೆಯಲ್ಲಿ ಕಾಕ್ಸ್ ಕೈಜೋಡಿಸಿದರು. ‘ಬಯೋಮೆಟ್ರಿಕ್ಸ್’ ಪತ್ರಿಕೆಯನ್ನು ಆರಂಭದಿಂದ 1955ರವರೆಗೆ ಸಂಪಾದಿಸಿದರು. 1949ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಚುನಾಯಿತರಾದ ಮೊದಲ ಮಹಿಳೆಯಾದರು. 1956ರಲ್ಲಿ ಅಮೆರಿಕನ್ ಸಂಖ್ಯಾಶಾಸ್ತ್ರ ಸಂಘದ ಅಧ್ಯಕ್ಷರಾದರು.

ಇಷ್ಟರ ನಡುವೆ 1950ರಲ್ಲಿ ಕಾಕ್ರನ್ ಜೊತೆ ಬರೆದ ‘ಎಕ್ಸ್‌ಪೆರಿಮೆಂಟಲ್ ಡಿಸೈನ್ಸ್’ ಹೊರಬಂತು. ಏಮ್ಸ್‌ನಲ್ಲಿ ಪಾಠಕ್ಕೆಂದು ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದ ಟಿಪ್ಪಣಿಗಳೇ ಅದರ ಬೀಜ. ಒಳ್ಳೆಯ ಅಡುಗೆ ಪುಸ್ತಕದಲ್ಲಿ ಅಳತೆಯೂ ಹದವೂ ಸಿಗುವಂತೆ, ಇಷ್ಟು ತಳಿ, ಇಷ್ಟು ಜಾಗ ಎಂದರೆ ಹೀಗೆ ಹಂಚಿ, ಅಂಕಿ ಬಂದ ಮೇಲೆ ಹೀಗೆ ಲೆಕ್ಕ ಹಾಕಿ ಎಂದು ಅದು ತೋರಿಸಿಕೊಡುತ್ತದೆ. ಕಂಪ್ಯೂಟರ್ ಇಲ್ಲದ ದಿನಗಳಲ್ಲಿ ಸಸ್ಯವಿಜ್ಞಾನಿ, ಪಶುವೈದ್ಯ, ರಸಾಯನ ತಜ್ಞ ಎಲ್ಲರೂ ಪುಟ ತಿರುವಿ ತಮಗೆ ಹೊಂದುವ ನಕ್ಷೆಯನ್ನು ಆರಿಸಿಕೊಳ್ಳಬಹುದಿತ್ತು. ಪ್ರಯೋಗದ ಉದ್ದೇಶವನ್ನು ಸ್ಪಷ್ಟವಾಗಿ ಬರೆದಿಟ್ಟುಕೊಳ್ಳಿ ಎಂಬುದು ಆ ಪುಸ್ತಕ ಒತ್ತಿ ಹೇಳುವ ಮೊದಲ ಸಂಗತಿಗಳಲ್ಲಿ ಒಂದು.

ಕೊನೆಯ ಪ್ರಯೋಗ

1960ರಲ್ಲಿ ಕಾಲೇಜಿನಿಂದ ನಿವೃತ್ತರಾದರೂ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್‌ನ ಸಂಖ್ಯಾಶಾಸ್ತ್ರ ವಿಭಾಗವನ್ನು ಕಟ್ಟಿದರು. ಆಮೇಲೆ ಈಜಿಪ್ಟ್, ಥಾಯ್ಲೆಂಡ್‌ಗಳಲ್ಲಿ ಸಂಖ್ಯಾಶಾಸ್ತ್ರದ ಬೋಧನೆ ಬೆಳೆಸಲು ನೆರವಾದರು. 1975ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಸದಸ್ಯತ್ವ ನೀಡಿತು. ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಾಗ ಅದನ್ನೂ ಪ್ರಯೋಗದಂತೆಯೇ ನೋಡಿದರು. ಚಿಕಿತ್ಸೆಯ ಪ್ರತಿ ಹಂತದ ದಾಖಲೆ ಇಟ್ಟರು. ನಾನೀಗ ಪ್ರಯೋಗದ ಒಂದು ಘಟಕ ಎಂದು ತಮ್ಮನ್ನೇ ಕರೆದುಕೊಂಡರು. 1978ರ ಅಕ್ಟೋಬರ್ 17ರಂದು ತೀರಿಕೊಂಡರು.

ಇಂದು ಹೊಸ ಔಷಧಿಯ ಕ್ಲಿನಿಕಲ್ ಟ್ರಯಲ್ ಇರಲಿ, ನಮ್ಮ ಕೃಷಿ ವಿಶ್ವವಿದ್ಯಾಲಯಗಳು ರಾಗಿ, ಭತ್ತದ ತಳಿ ಬಿಡುಗಡೆಗೆ ಮುನ್ನ ನಡೆಸುವ ಪರೀಕ್ಷೆ ಇರಲಿ, ಬ್ಲಾಕು, ಪುನರಾವರ್ತನೆ, ಯಾದೃಚ್ಛಿಕ ಹಂಚಿಕೆ ಅಲ್ಲಿ ದಿನನಿತ್ಯದ ಮಾತು. ಅವುಗಳ ಮುಂದೆ ಕಾಕ್ಸ್ ಹೆಸರು ಬರೆದಿರುವುದಿಲ್ಲ. ಆದರೆ ‘ಶೇಕಡಾ ಇಪ್ಪತ್ತು ಹೆಚ್ಚು ಇಳುವರಿ’ ಎಂಬ ಜಾಹೀರಾತು ಕಂಡಾಗ ಯಾವುದಕ್ಕಿಂತ ಹೆಚ್ಚು, ಎಷ್ಟು ತಾಕುಗಳಲ್ಲಿ, ತಾಕುಗಳನ್ನು ಆರಿಸಿದ್ದು ಯಾರು ಎಂದು ಕೇಳುವ ರೈತ, ಕಾಕ್ಸ್ ಜೀವನವಿಡೀ ವಿಜ್ಞಾನಿಗಳಿಗೆ ಕೇಳುತ್ತಿದ್ದ ಪ್ರಶ್ನೆಗಳನ್ನೇ ಕೇಳುತ್ತಿರುತ್ತಾನೆ. ಬೀಜದ ಚೀಲಕ್ಕೆ ದುಡ್ಡು ಕೊಡುವ ಮೊದಲು ಕೇಳಿದರೆ ಇನ್ನೂ ಒಳ್ಳೆಯದು.