ಹಳದಿ ಗುರುತಿನ ಇಲಿಗಳು

ಆಟಿಯ ಮಳೆ ಮಣಿಪಾಲದ ಗುಡ್ಡದ ಮೇಲೆ ಹಗಲಿರುಳು ಸುರಿಯುತ್ತದೆ. ಎಂಡ್ ಪಾಯಿಂಟ್‌ನಿಂದ ಬಗ್ಗಿ ನೋಡಿದರೆ ಕೆಳಗೆ ಸ್ವರ್ಣಾ ನದಿ ಕೆಂಪಾಗಿ ತುಂಬಿ ಹರಿಯುತ್ತಿರುತ್ತದೆ. ಅದೇ ಗುಡ್ಡದ ಪ್ರಯೋಗಪ್ರಾಣಿಗಳ ಮನೆಯೊಳಗೆ ಮಾತ್ರ ಮಳೆಗಾಲವೂ ಇಲ್ಲ, ಬೇಸಿಗೆಯೂ ಇಲ್ಲ. ವರ್ಷವಿಡೀ ಉಷ್ಣತೆ 22 ಡಿಗ್ರಿಯ ಆಸುಪಾಸು. 12 ಗಂಟೆ ಬೆಳಕು, 12 ಗಂಟೆ ಕತ್ತಲೆ. ಸಾಲು ಪಂಜರಗಳ ತಳದಲ್ಲಿ ಭತ್ತದ ಉಮಿಯ ಹಾಸು. ಕಾರ್ಕಳದ ಕುಚ್ಚಲಕ್ಕಿ ಮಿಲ್ಲುಗಳ ಹಿಂದೆ ಗುಡ್ಡೆ ಬೀಳುವಂಥದೇ ಉಮಿ. ಕೊಳೆಯಾದ ಉಮಿ ತೆಗೆದು ಹೊಸತು ಹರಡುವಾಗ ಇಲಿಗಳು ಮೂಗು ಅದುರಿಸುತ್ತ ಮೂಲೆ ಸೇರುತ್ತವೆ.

ಬಿಳಿ ಮೈ, ಕೆಂಪು ಕಣ್ಣು, ಅಂಗೈಯಗಲದ ದೇಹ. ವಿಸ್ಟಾರ್ ತಳಿಯ ಈ ಇಲಿಗಳ ವಂಶ 1906ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಶುರುವಾದದ್ದು. ಎಲ್ಲವೂ ಒಂದೇ ಥರ ಕಾಣುವುದರಿಂದ ಪಿಕ್ರಿಕ್ ಆಸಿಡ್ಡಿನಲ್ಲಿ ಅದ್ದಿದ ಹತ್ತಿಯಿಂದ ಹಳದಿ ಗುರುತು ಹಾಕುತ್ತಾರೆ: ಒಂದಕ್ಕೆ ತಲೆಯ ಮೇಲೆ, ಇನ್ನೊಂದಕ್ಕೆ ಬೆನ್ನಿಗೆ, ಮತ್ತೊಂದಕ್ಕೆ ಬಾಲದ ಬುಡಕ್ಕೆ. ಯಾವುದಕ್ಕೆ ಎಷ್ಟು ಮದ್ದು ಹೋಯಿತು ಎಂಬುದರ ಲೆಕ್ಕ ಆ ಬಣ್ಣದಲ್ಲಿದೆ.

ಇಲ್ಲಿ ಏನನ್ನು ಪರೀಕ್ಷಿಸುತ್ತಾರೆ ಎಂಬುದಕ್ಕೆ ನಮ್ಮ ಅರಸಿನವನ್ನೇ ತೆಗೆದುಕೊಳ್ಳಿ. ಅದರೊಳಗಿನ ಕರ್ಕ್ಯುಮಿನ್ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅದನ್ನು ಕೊಬ್ಬಿನ ನ್ಯಾನೋ ಕಣಗಳೊಳಗೆ ಸೇರಿಸಿದರೆ ಹೆಚ್ಚು ತಲಪೀತೇ? ತುದಿಯಲ್ಲಿ ಗುಂಡಿರುವ ಬಾಗಿದ ಸೂಜಿಯಿಂದ ಇಲಿಯ ಗಂಟಲಿಗೆ ಮದ್ದು ಇಳಿಸುತ್ತಾರೆ. ಅರ್ಧ ಗಂಟೆ, ಒಂದು, ಎರಡು, ನಾಲ್ಕು, ಎಂಟು ಗಂಟೆ... ಗಡಿಯಾರ ನೋಡಿ ಹನಿ ಹನಿ ರಕ್ತ ತೆಗೆಯುತ್ತಾರೆ. ಸಂಶೋಧನಾ ವಿದ್ಯಾರ್ಥಿಯ ರಾತ್ರಿಯ ನಿದ್ದೆ ಕೆಡುವುದು ಇಲ್ಲಿಯೇ.

ವಿಷದ ಪರೀಕ್ಷೆ ಇನ್ನೂ ಕಠಿಣ. 1927ರಲ್ಲಿ ಟ್ರೆವನ್ ಎಂಬ ವಿಜ್ಞಾನಿ ರೂಪಿಸಿದ ವಿಧಾನದಲ್ಲಿ ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವ ಪ್ರಮಾಣ ಎಷ್ಟೆಂದು ತಿಳಿಯಲು ಬಹಳಷ್ಟು ಪ್ರಾಣಿಗಳು ಸಾಯಬೇಕಿತ್ತು. ಈಗಿನ ಒಂದು ವಿಧಾನದಲ್ಲಿ ಹಂತಕ್ಕೆ ಮೂರು ಇಲಿ ಸಾಕು. 14 ದಿನ ಅವುಗಳ ನಡುಕ, ಜೊಲ್ಲು, ಉಸಿರು, ತೂಕ ಎಲ್ಲ ಬರೆದಿಡಬೇಕು. ಎಷ್ಟು ಪ್ರಾಣಿ ಬೇಕು, ಯಾಕೆ ಬೇಕು ಎಂದು ಮೊದಲೇ ನೈತಿಕ ಸಮಿತಿಯ ಮುಂದೆ ಹೇಳಬೇಕು. ಆ ಸಮಿತಿಯಲ್ಲಿ ವಿಜ್ಞಾನಿಯಲ್ಲದ ಸದಸ್ಯರೂ ಇರಬೇಕೆಂಬ ನಿಯಮ ನನಗೆ ತುಂಬ ಸರಿ ಕಾಣುತ್ತದೆ. ಆ ಇಲಿಗಳ ನೋವನ್ನು ಸಣ್ಣದೆಂದು ನಾನು ಹೇಳಲಾರೆ. ಆದರೆ ಅವು ಕೊಟ್ಟ ಉತ್ತರವನ್ನು ಓದದೆ ಬಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಅಂಥ ಅನ್ಯಾಯ ನಮ್ಮ ನೆರೆಯಲ್ಲೇ ನಡೆಯಿತು. ಕಾಸರಗೋಡಿನ ಪಡ್ರೆಯ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ಗಂಡು ಇಲಿಗಳ ವೃಷಣಕ್ಕೆ ಹಾನಿ ಮಾಡುತ್ತದೆಂದು ಲಕ್ನೋದ ವಿಜ್ಞಾನಿಗಳು 1990ರ ದಶಕದಲ್ಲೇ ತೋರಿಸಿದ್ದರು. ಆದರೂ ಸಿಂಪಡಣೆ ನಿಲ್ಲಲಿಲ್ಲ; ಅದರ ಹಾನಿಯನ್ನು ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಕೂಗಿ ಹೇಳಬೇಕಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನ ಅಲ್ಲಿನ ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾದದ್ದನ್ನು ಕಂಡಿತು. ಸುಪ್ರೀಂ ಕೋರ್ಟ್ ನಿಷೇಧ ಹೇರಿದ್ದು 2011ರಲ್ಲಿ. ಉಡುಪಿ ಜಿಲ್ಲೆಯಲ್ಲೂ ಇಂದಿಗೂ ಸಂತ್ರಸ್ತರಿದ್ದಾರೆ, ಮಾಸಾಶನ ಪಡೆಯುತ್ತಿದ್ದಾರೆ.

ನಾಳೆ ಕಾಪುವಿನ ಗದ್ದೆಗೋ ಕಾರ್ಕಳದ ಗೇರುತೋಟಕ್ಕೋ ಹೊಸ ಸಿಂಪಡಣೆ ಬರುವಾಗ, ಪರವಾನಗಿಗೆ ಸಹಿ ಹಾಕುವವರು ಮೊದಲು ಇಲಿಗಳ ವರದಿ ಓದಲಿ. ಅದರ ಸಾರವನ್ನು ಕನ್ನಡದಲ್ಲಿ ರೈತನ ಕೈಗೂ ಕೊಡಲಿ.