ಒತ್ತೆ ಬೀಳುವ ಕಡತಗಳು: ಕಾವಲು ತಂತ್ರಾಂಶದ ಆಯ್ಕೆ ಹೇಗೆ?

ಆರು ತಿಂಗಳು ಶ್ರಮಪಟ್ಟು ಬರೆದ ಪ್ರಾಜೆಕ್ಟ್ ವರದಿಯನ್ನು ನೀವು ನಾಳೆ ಒಪ್ಪಿಸಬೇಕಾಗಿದೆ ಎಂದುಕೊಳ್ಳಿ. ರಾತ್ರಿ ಕಂಪ್ಯೂಟರ್ ತೆರೆದರೆ ಕಡತಗಳೆಲ್ಲ ಇದ್ದಲ್ಲೇ ಇವೆ. ಆದರೆ ಒಂದೂ ತೆರೆಯುವುದಿಲ್ಲ. ಪರದೆಯ ಮೇಲೆ ಒಂದೇ ಸೂಚನೆ: ಹಣ ಕೊಟ್ಟರೆ ಬೀಗದ ಕೈ ಕೊಡುತ್ತೇವೆ! ಹೀಗೆ ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ದುಷ್ಟ ತಂತ್ರಾಂಶಕ್ಕೆ ‘ರಾನ್ಸಮ್‌ವೇರ್’ ಎಂದು ಹೆಸರು.

ಬ್ಯಾಂಕುಗಳು ನಮ್ಮ ವ್ಯವಹಾರವನ್ನು ಗುಟ್ಟಾಗಿಡಲು ಬಳಸುವ ಗೂಢಲಿಪಿ ವಿದ್ಯೆಯನ್ನೇ ಇದು ನಮ್ಮ ವಿರುದ್ಧ ಬಳಸುತ್ತದೆ. ಬೀಗದ ಕೈ ಕಳ್ಳನ ಬಳಿ ಇರುತ್ತದೆ. ಆದ್ದರಿಂದ ದುಷ್ಟ ತಂತ್ರಾಂಶವನ್ನು ಅಳಿಸಿಹಾಕಿದರೂ ಬೀಗ ಬಿದ್ದ ಕಡತಗಳು ತಾವಾಗಿ ತೆರೆದುಕೊಳ್ಳುವುದಿಲ್ಲ.

ಈ ಪಿಡುಗು ಹೊಸದಲ್ಲ. 1989ರಲ್ಲೇ ಅಂಚೆಯ ಮೂಲಕ ಹಂಚಿದ ಫ್ಲಾಪಿಗಳಲ್ಲಿ ಇಂಥದೊಂದು ಬಂದು, 189 ಡಾಲರುಗಳನ್ನು ಪನಾಮಾದ ಅಂಚೆಪೆಟ್ಟಿಗೆಗೆ ಕಳುಹಿಸಿ ಎಂದಿತ್ತು. 2017ರ ಮೇ 12ರಂದು ಹಬ್ಬಿದ ‘ವಾನಾಕ್ರೈ’ ಸುಮಾರು 150 ದೇಶಗಳನ್ನು ಕಾಡಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಹಾಗಾದರೆ ಯಾವ ತಂತ್ರಾಂಶ ಆರಿಸಬೇಕು? ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಒಂದು: ನಮ್ಮಲ್ಲಿ ಈಗಾಗಲೇ ಏನಿದೆ? ವಿಂಡೋಸ್ 10 ಮತ್ತು 11ರಲ್ಲಿ ‘ಡಿಫೆಂಡರ್’ ಎಂಬ ಕಾವಲು ತಂತ್ರಾಂಶ ಉಚಿತವಾಗಿಯೇ ಇದೆ. ಅದರಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ಸೌಲಭ್ಯವುಂಟು. ಪರಿಚಯವಿಲ್ಲದ ತಂತ್ರಾಂಶ ನಿಮ್ಮ ಕಡತಗಳನ್ನು ಬದಲಿಸದಂತೆ ಇದು ತಡೆಯುತ್ತದೆ. ಸಾಮಾನ್ಯವಾಗಿ ಇದು ಆರಿಸಿಟ್ಟ ಸ್ಥಿತಿಯಲ್ಲಿರುವುದರಿಂದ ನೀವೇ ಚಾಲೂ ಮಾಡಬೇಕು.

ಎರಡು: ಅದು ನಡವಳಿಕೆಯನ್ನು ಗಮನಿಸುತ್ತದೆಯೇ? ಹಳೆಯ ಕಳ್ಳರ ಭಾವಚಿತ್ರ ಹಿಡಿದು ನಿಂತ ಕಾವಲುಗಾರ ಹೊಸ ಕಳ್ಳನನ್ನು ಗುರುತಿಸಲಾರ. ಯಾವುದೋ ತಂತ್ರಾಂಶ ಒಂದೇ ಸಮನೆ ನೂರಾರು ಕಡತಗಳನ್ನು ಬದಲಿಸತೊಡಗಿದರೆ ಕೂಡಲೇ ತಡೆಯುವ ಗುಣ ಬೇಕು.

ಮೂರು: ಹೊರಗಿನವರು ಪರೀಕ್ಷಿಸಿದ್ದಾರೆಯೇ? ಜಾಹೀರಾತನ್ನು ನಂಬಬೇಡಿ. ಜರ್ಮನಿಯ ‘ಎವಿ-ಟೆಸ್ಟ್’, ಆಸ್ಟ್ರಿಯಾದ ‘ಎವಿ-ಕಂಪ್ಯಾರೆಟಿವ್ಸ್’ ಸಂಸ್ಥೆಗಳು ಇವುಗಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತವೆ. ಎಷ್ಟು ಕಳ್ಳರನ್ನು ಹಿಡಿಯಿತು ಎಂಬುದರ ಜೊತೆಗೆ, ಎಷ್ಟು ಸಲ ಸುಳ್ಳು ಕೂಗು ಹಾಕಿತು, ಕಂಪ್ಯೂಟರನ್ನು ಎಷ್ಟು ನಿಧಾನಗೊಳಿಸಿತು ಎಂಬುದನ್ನೂ ನೋಡಿ.

ನಾಲ್ಕು: ಅದು ಅಸಲಿಯೇ? ದುಡ್ಡು ಉಳಿಸಲು ‘ಕ್ರ್ಯಾಕ್’ ಮಾಡಿದ ಪ್ರತಿ ಹಾಕಿಕೊಳ್ಳುವವರುಂಟು. ‘ಸ್ಟಾಪ್’ ಎಂಬ ರಾನ್ಸಮ್‌ವೇರ್ ಹೆಚ್ಚಾಗಿ ಹರಡಿದ್ದು ಇಂಥ ಪ್ರತಿಗಳ ಮೂಲಕವೇ. ಕಳ್ಳನನ್ನೇ ಕಾವಲಿಗೆ ಕರೆದಂತಾಯಿತಲ್ಲವೇ?

ಇಷ್ಟೆಲ್ಲ ನೋಡಿ ಆರಿಸಿದರೂ ಯಾವ ತಂತ್ರಾಂಶವೂ ನೂರಕ್ಕೆ ನೂರು ಕಾಪಾಡಲಾರದು. ಕಾವಲು ತಪ್ಪಿದ ದಿನ ಉಳಿಸುವುದು ನೀವು ತೆಗೆದಿಟ್ಟ ಇನ್ನೊಂದು ಪ್ರತಿ. ಮುಖ್ಯ ಕಡತಗಳನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲಿಸಿ, ಬಳಿಕ ತಪ್ಪದೆ ಕಳಚಿಡಿ. ಸಿಕ್ಕಿಸಿಯೇ ಬಿಟ್ಟರೆ ಅದಕ್ಕೂ ಬೀಗ ಬಿದ್ದೀತು.

ಒಂದು ವೇಳೆ ಸಿಕ್ಕಿಬಿದ್ದರೆ ಮೊದಲು ಇಂಟರ್‌ನೆಟ್ ಸಂಪರ್ಕ ಕಡಿಯಿರಿ. ಹಣ ಕೊಟ್ಟರೂ ಬೀಗದ ಕೈ ಸಿಗುವ ಭರವಸೆಯಿಲ್ಲ. ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಿಳಿಸಿ. ಬೀಗ ಬಿದ್ದ ಕಡತಗಳನ್ನು ಅಳಿಸದೆ ಇಟ್ಟುಕೊಳ್ಳಿ. ಯೂರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಆರಂಭಿಸಿದ ‘ನೋ ಮೋರ್ ರಾನ್ಸಮ್’ ಯೋಜನೆಯಲ್ಲಿ ಹಲವು ಬಗೆಯ ಬೀಗಗಳಿಗೆ ಉಚಿತ ಕೈಗಳು ಸಿಗುತ್ತವೆ. ಇಂದು ಸಿಗದ ಕೈ ಮುಂದೊಂದು ದಿನ ಸಿಗಬಹುದು.

ಈ ಪುಟ ಮುಚ್ಚುವ ಮುನ್ನ ಒಮ್ಮೆ ಯೋಚಿಸಿ: ಕಳೆದುಕೊಳ್ಳಲು ನೀವು ಸಿದ್ಧರಿಲ್ಲದ ಕಡತ ಯಾವುದು? ಅದರ ಎರಡನೆಯ ಪ್ರತಿ ಎಲ್ಲಿದೆ? ಉತ್ತರ ಹೊಳೆಯದಿದ್ದರೆ, ತಂತ್ರಾಂಶ ಹುಡುಕುವ ಮೊದಲು ಆ ಪ್ರತಿಯನ್ನು ಇಂದೇ ತೆಗೆದಿಡಿ.