ಯೇಸು, ಯೇಶೂ, ಯೇಸಯ್ಯ: ಯಾವ ಹೆಸರಲ್ಲಿ ಕರೆದ್ರೆ ದೇವರು ಕೇಳ್ತಾನೆ?

ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತಾಡೋ ಒಂದು ಮಾತಿದೆ: ಯೇಸು ಅನ್ನೋದು ಮನುಷ್ಯರು ಮಾಡಿಕೊಂಡ ಹೆಸರು, ಮೂಲ ಹೀಬ್ರೂ ಹೆಸರನ್ನೇ ಉಚ್ಚರಿಸದಿದ್ರೆ ಪ್ರಾರ್ಥನೆ ದೇವರಿಗೆ ಮುಟ್ಟಲ್ಲ ಅಂತ. ನಾವು ಓದಿ ಡಿಲೀಟ್ ಮಾಡಿಬಿಡ್ತೀವಿ. ಆದ್ರೆ ಊರಲ್ಲಿ ಜೀವಮಾನವೆಲ್ಲ "ಯೇಸಪ್ಪಾ" ಅಂತ ಕರೆದ ಹಿರಿಯರೊಬ್ಬರು ಇದನ್ನ ಓದಿದ್ರೆ? ಇಷ್ಟು ವರ್ಷದ ಪ್ರಾರ್ಥನೆ ನೀರಲ್ಲಿ ಹೋಮ ಆಯ್ತಾ ಅಂತ ಗಾಬರಿಯಾಗ್ತಾರೆ. ಅದಕ್ಕೇ ಇವತ್ತು ಈ ಹೆಸರುಗಳ ಅರ್ಥ ಏನು ಅಂತ ನಿಧಾನವಾಗಿ ನೋಡೋಣ.

ಮಾತು ಕೊಡುವ ಹೆಸರು

ವಿಮೋಚನಕಾಂಡದ 3ನೇ ಅಧ್ಯಾಯ. ಉರಿಯುವ ಪೊದೆಯ ಮುಂದೆ ನಿಂತ ಮೋಶೆ ದೇವರ ಹೆಸರು ಕೇಳ್ತಾನೆ. ಸಿಗುವ ಉತ್ತರ "ಎಹ್ಯೆ ಅಶೆರ್ ಎಹ್ಯೆ". ನಾನು ಇರುವವನು, ನಾನು ಇರುತ್ತೇನೆ ಅಂತ ಎರಡೂ ರೀತಿ ಅರ್ಥ ಮಾಡಬಹುದು. ಇಲ್ಲೊಂದು ಸೂಕ್ಷ್ಮ ಇದೆ. ಸ್ವಲ್ಪ ಮುಂಚೆ, 12ನೇ ವಚನದಲ್ಲಿ, ನಾನು ನಿನ್ನ ಜೊತೆ ಇರುತ್ತೇನೆ ಅಂತ ದೇವರು ಹೇಳುವಾಗಲೂ ಅದೇ "ಎಹ್ಯೆ" ಪದ ಇದೆ. ಐಗುಪ್ತದಲ್ಲಿ ಗುಲಾಮರಾಗಿದ್ದ ಜನಕ್ಕೆ ಈ ಹೆಸರೇ ಒಂದು ಭರವಸೆ.

ಈ "ಇರು" ಧಾತುವಿಗೆ ಹೊಂದಿಕೊಂಡ ನಾಲ್ಕಕ್ಷರದ ಹೆಸರು ಹೀಬ್ರೂ ಬೈಬಲ್‌ನಲ್ಲಿ ಸುಮಾರು 6,800 ಸಲ ಬರುತ್ತೆ. ಆದ್ರೆ ಯೆಹೂದ್ಯರು ಭಯಭಕ್ತಿಯಿಂದ ಅದನ್ನ ಉಚ್ಚರಿಸೋದನ್ನೇ ಬಿಟ್ಟು, "ಅದೋನಾಯ್" ಅಂದ್ರೆ ಒಡೆಯ ಅಂತ ಓದತೊಡಗಿದರು. ಮೂಲದ ಬರಹದಲ್ಲಿ ವ್ಯಂಜನಗಳು ಮಾತ್ರ. ಮುಂದೆ ಸ್ವರಚಿಹ್ನೆ ಸೇರಿಸಿದ ಪಂಡಿತರು ಈ ಹೆಸರಿಗೆ ಅದೋನಾಯ್ ಪದದ ಸ್ವರಗಳನ್ನ ಹಾಕಿದರು. ಎರಡನ್ನೂ ಕೂಡಿಸಿ ಓದಿದಾಗ ಹುಟ್ಟಿದ್ದೇ "ಯೆಹೋವ". ಮೂಲ ಉಚ್ಚಾರ "ಯಾಹ್ವೆ"ಗೆ ಹತ್ತಿರ ಇತ್ತು ಅನ್ನೋದು ಬಹುಪಾಲು ವಿದ್ವಾಂಸರ ಅಭಿಪ್ರಾಯ.

ನಮ್ಮ ಹಳೆಯ ಕನ್ನಡ ಬೈಬಲ್‌ನಲ್ಲಿ ಯೆಹೋವ ಅಂತಲೇ ಇದೆ. ಕಥೋಲಿಕರು ಓದುವ ಕನ್ನಡ ಅನುವಾದದಲ್ಲಿ "ಸರ್ವೇಶ್ವರ" ಅಂತಿದೆ. 2008ರಲ್ಲಿ ವ್ಯಾಟಿಕನ್, ಪೂಜೆ ಮತ್ತು ಹಾಡುಗಳಲ್ಲಿ ಆ ನಾಲ್ಕಕ್ಷರದ ಹೆಸರನ್ನ ಉಚ್ಚರಿಸಬೇಡಿ ಅಂತ ಸೂಚನೆ ಕೊಟ್ಟಿತು. ಒಬ್ಬರು ಉಚ್ಚರಿಸಿ ಗೌರವಿಸ್ತಾರೆ, ಇನ್ನೊಬ್ಬರು ಉಚ್ಚರಿಸದೇ ಗೌರವಿಸ್ತಾರೆ. ಅಂದಹಾಗೆ "ಹಲ್ಲೆಲೂಯಾ" ಅನ್ನುವಾಗ ಕೊನೆಗೆ ಬರೋ "ಯಾ" ಆ ಹೆಸರಿನ ಚಿಕ್ಕ ರೂಪವೇ. ಯಾಹನನ್ನು ಸ್ತುತಿಸಿರಿ ಅಂತ ಅದರ ಅರ್ಥ.

ಯೇಸು ಅಂದ್ರೆ ಏನು?

ಮೂಲ ಹೆಸರು ಯೇಶುವ. ಇದು ನಮ್ಮ ಬೈಬಲ್‌ನ "ಯೆಹೋಶುವ" ಅನ್ನೋ ಹೆಸರಿನ ಚಿಕ್ಕ ರೂಪ. ಅರ್ಥ, ಯೆಹೋವನು ರಕ್ಷಿಸುತ್ತಾನೆ. ಮಗು ತನ್ನ ಜನರನ್ನ ಪಾಪಗಳಿಂದ ಬಿಡಿಸುತ್ತೆ, ಅದಕ್ಕೇ ಈ ಹೆಸರಿಡು ಅಂತ ದೇವದೂತ ಯೋಸೇಫನಿಗೆ ಹೇಳ್ತಾನೆ (ಮತ್ತಾಯ 1:21). ಎರಡು ವಚನ ಬಿಟ್ಟು "ಇಮ್ಮಾನುವೇಲ್" ಬರುತ್ತೆ: ದೇವರು ನಮ್ಮ ಜೊತೆ ಇದ್ದಾನೆ. ಪೊದೆಯ ಹತ್ತಿರ ಕೊಟ್ಟ ಅದೇ ಮಾತು! ಇನ್ನು "ಕ್ರಿಸ್ತ" ಅನ್ನೋದು ಸರ್‌ನೇಮ್ ಅಲ್ಲ, ಪದವಿ. ಹೀಬ್ರೂವಿನ ಮೆಸ್ಸೀಯ, ಅಂದ್ರೆ ಅಭಿಷಿಕ್ತ.

ಯೇಶುವ ಹೇಗೆ ಯೇಸು ಆಯ್ತು? ಗ್ರೀಕ್ ಭಾಷೆಯಲ್ಲಿ "ಶ" ಇಲ್ಲ, ಗಂಡಸರ ಹೆಸರಿನ ಕೊನೆಗೆ ಸಾಮಾನ್ಯವಾಗಿ "ಸ್" ಬರುತ್ತೆ. ಹಾಗಾಗಿ "ಯೇಸೂಸ್". ಕ್ರಿಸ್ತ ಹುಟ್ಟೋಕೆ ಮುಂಚೆಯೇ ಯೆಹೂದ್ಯರ ಗ್ರೀಕ್ ಅನುವಾದದಲ್ಲಿ ಯೆಹೋಶುವನನ್ನ ಹೀಗೇ ಬರೆದಿದ್ರು. ಹೊಸ ಒಡಂಬಡಿಕೆ ನಮ್ಮ ಕೈಗೆ ಬಂದಿರೋದೂ ಗ್ರೀಕ್‌ನಲ್ಲೇ. ಅನುವಾದವಾದ ಹೆಸರು ಸುಳ್ಳು ಅನ್ನೋದಾದ್ರೆ ಆ ಗ್ರಂಥವನ್ನೇ ತಳ್ಳಿಹಾಕಬೇಕಾಗುತ್ತೆ. ಚೆನ್ನೈನಲ್ಲಿ ಇಯೇಸು, ಹೈದರಾಬಾದಿನಲ್ಲಿ ಯೇಸಯ್ಯ, ಪುಣೆಯಲ್ಲಿ ಯೇಶೂ, ದೆಹಲಿಯಲ್ಲಿ ಯೀಶು ಅಂತ ಕೇಳ್ತೀರಲ್ಲ, ಎಲ್ಲವೂ ಅದೇ ಹೆಸರು.

ಹೆಸರು ಪಾಸ್‌ವರ್ಡ್ ಅಲ್ಲ

ಪಾಸ್‌ವರ್ಡ್‌ನಲ್ಲಿ ಒಂದಕ್ಷರ ತಪ್ಪಿದ್ರೂ ಲಾಗಿನ್ ಆಗಲ್ಲ. ಸರಿಯಾಗಿದ್ರೆ ಯಾರು ಟೈಪ್ ಮಾಡಿದ್ರೂ ಆಗುತ್ತೆ. ದೇವರ ಹೆಸರು ಹಾಗಲ್ಲ. ಅಪೊಸ್ತಲರ ಕೃತ್ಯಗಳು 19ರಲ್ಲಿ, ಎಫೆಸದಲ್ಲಿ ಸ್ಕೇವನ ಏಳು ಮಕ್ಕಳು ಯೇಸುವಿನ ಹೆಸರನ್ನ ಮಂತ್ರದ ಹಾಗೆ ಹೇಳಿ ದೆವ್ವ ಬಿಡಿಸೋಕೆ ಹೋಗ್ತಾರೆ. ಯೇಸು ಗೊತ್ತು, ಪೌಲ ಗೊತ್ತು, ನೀವ್ಯಾರು ಅಂತ ಅದು ಕೇಳುತ್ತೆ. ಪೆಟ್ಟು ತಿಂದು, ಬಟ್ಟೆಯೂ ಇಲ್ಲದೆ ಓಡ್ತಾರೆ. ಅವರು ಹೇಳಿದ ಹೆಸರಲ್ಲಿ ತಪ್ಪಿರಲಿಲ್ಲ, ಹೆಸರಿನವನ ಪರಿಚಯ ಇರಲಿಲ್ಲ.

ಹಾಗಾದ್ರೆ "ಯೇಸುವಿನ ನಾಮದಲ್ಲಿ" ಅಂತ ಪ್ರಾರ್ಥನೆ ಮುಗಿಸೋದು ಯಾಕೆ? ಆತನ ಮೇಲೆ ಭಾರ ಹಾಕಿ, ಆತನ ಇಷ್ಟಕ್ಕೆ ಒಪ್ಪುವಂಥದ್ದನ್ನ ಕೇಳ್ತಿದ್ದೀನಿ ಅಂತ ಅದರ ಅರ್ಥ. ದೇವರ ಹೆಸರನ್ನ ವ್ಯರ್ಥವಾಗಿ ಎತ್ತಬಾರದು ಅನ್ನೋ ಆಜ್ಞೆಯೂ ಇದಕ್ಕೇ ಸೇರುತ್ತೆ. ಆ ಹೆಸರಲ್ಲಿ ಸುಳ್ಳು ಹೇಳೋದು, ಇನ್ನೊಬ್ಬರನ್ನ ಹೆದರಿಸೋದು ತಪ್ಪು ಉಚ್ಚಾರಕ್ಕಿಂತ ದೊಡ್ಡ ಅಪಚಾರ.

ಯೇಸು ಸ್ವತಃ ಹೇಗೆ ಕರೆದ? ಗೆತ್ಸೇಮನೆ ತೋಟದಲ್ಲಿ, ಸಾವಿನ ಹಿಂದಿನ ರಾತ್ರಿ, "ಅಬ್ಬಾ" ಅಂತ (ಮಾರ್ಕ 14:36). ನಾವು ಆಶ್ಚರ್ಯಕ್ಕೆ ಹೇಳೋ ಅಬ್ಬಾ ಅಲ್ಲ ಅದು. ಅರಮಾಯಿಕ್ ಭಾಷೆಯಲ್ಲಿ ಮನೆಯಲ್ಲಿ ತಂದೆಯನ್ನ ಕರೆಯೋ ಮಾತು. ನೀವೂ ಹಾಗೇ ಕರೀಬಹುದು ಅಂತ ಪೌಲ ರೋಮಾಪುರದವರಿಗೆ ಬರೀತಾನೆ. ನಮ್ಮ ಭಾಷೆಯಲ್ಲಿ ಅದಕ್ಕೆ "ಅಪ್ಪಾ" ಅಂತಾರೆ.

ಈ ಥರದ ಫಾರ್ವರ್ಡ್ ಊರಿಂದ ಬಂದ್ರೆ ಇಷ್ಟನ್ನ ಫೋನ್ ಮಾಡಿ ಹೇಳಿ.